ಗಣಿತದ ಅಕ್ಕೋರು ಕೇಳಿದ ಪ್ರಶ್ನೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ನಮ್ಮ ಗಣಿತದ ಅಕ್ಕೋರ ಕಣ್ಣು ಕೆಂಪಾಗುತ್ತಿದ್ದವು. ಊರಿನವರಾದ ನಮಗೆ ಆ ಘಾಟು ಗೊತ್ತೇ ಆಗುತ್ತಿರಲಿಲ್ಲ. ಹಾವೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅವರು ಮಾತ್ರ ಸೆರಗಿನ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಬೋರ್ಡಿನ ಮೇಲೆ ಪ್ರಮೇಯ ಬಿಡಿಸುತ್ತಿದ್ದರು. ಎತ್ತರದ ಆಳು, ಗಡಸು ದನಿ. ಲೆಕ್ಕ ತಪ್ಪಿದವರನ್ನು ಬೈಯುತ್ತಿರಲಿಲ್ಲ. "ಎಲ್ಲಿತನಕ ಸರಿ ಐತಿ, ಅಲ್ಲಿಂದ ಹೇಳು" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ನಾನು ಹತ್ತನೆಯ ತರಗತಿಯಲ್ಲಿದ್ದೆ. ದೀಪಾವಳಿ ಕಳೆದ ಮೇಲೆ ನನಗೆ ಏನೋ ಆಯಿತು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ, ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸವೆನಿಸುತ್ತಿತ್ತು. ಬರಬರುತ್ತ ಮಾತು ನಿಂತಿತು, ಶಾಲೆಯೂ ನಿಂತಿತು. ಅವ್ವ ದೃಷ್ಟಿ ತೆಗೆದಳು, ಕೈಗೆ ದಾರ ಕಟ್ಟಿಸಿದಳು. ಮೇಡ್ಲೇರಿಯಿಂದ ಬಂದ ಸೋದರಮಾವ, ಮದುವೆ ಮಾಡಿದರೆ ಎಲ್ಲ ನೆಟ್ಟಗಾಗುತ್ತದೆಂದು ಹೇಳಿ ಒಂದು ವರನ ಸುದ್ದಿಯನ್ನೂ ತಂದ.

ಒಂದು ಸಂಜೆ ಅಕ್ಕೋರು ಮನೆಗೇ ಬಂದರು. ಪಾಠದ ಮಾತೆತ್ತಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನನ್ನ ಪಕ್ಕ ನೆಲದ ಮೇಲೆ ಕುಳಿತರು.

"ನಿದ್ದಿ ಬರ್ತೈತೇನು?"

ಇಲ್ಲವೆಂದು ತಲೆಯಾಡಿಸಿದೆ.

"ಸಾಯಬೇಕು ಅನ್ನಸ್ತೈತೇನು?"

ಅವ್ವ ಕೈಯಲ್ಲಿದ್ದ ತಟ್ಟೆ ಹಿಡಿದು ಹಾಗೇ ನಿಂತಳು. ಆ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ನಾನು ಮಾತ್ರ ಒಳಗೊಳಗೇ ಅದನ್ನು ತಿರುವಿಹಾಕುತ್ತಿದ್ದೆ. ಹೌದೆಂದೆ. ಹೇಳಿದ ಮೇಲೆ ಅಳು ಬಂತು, ಅಳುತ್ತಲೇ ಉಸಿರೂ ಸರಾಗವಾಯಿತು.

"ಹೇಳಿದ್ದು ಛಲೋ ಮಾಡಿದಿ. ಇದೂ ಜ್ವರದಂಗ ಒಂದು ಬ್ಯಾನಿ, ಇದಕ್ಕೂ ಔಷಧ ಐತಿ" ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

ಧಾರವಾಡದ ದವಾಖಾನೆಗೆ ತೋರಿಸೋಣ, ತಾನೂ ಬರುತ್ತೇನೆ ಎಂದು ಅಪ್ಪನಿಗೆ ಹೇಳಿದರು. ನಮ್ಮ ಕಡೆ ಯಾರನ್ನಾದರೂ ಧಾರವಾಡಕ್ಕೆ ಕರೆದೊಯ್ದರೆಂದು ದನಿ ತಗ್ಗಿಸಿ ಹೇಳಿದರೆ ಅದಕ್ಕೆ ಒಂದೇ ಅರ್ಥ, ಹುಚ್ಚಾಸ್ಪತ್ರೆ. ಹುಚ್ಚಿಯೆಂದು ಹೆಸರು ಬಿದ್ದರೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆಂದು ಅಪ್ಪ ಕೇಳಿದ.

"ಹುಡುಗಿ ಮೊದಲ ಉಳೀಲಿ ಬಿಡ್ರಿ. ಲಗ್ನದ ಮಾತು ಆಮ್ಯಾಲ."

ಯಾವ ಬಸ್ಸಿಗೆ ಹೋಗುವುದೆಂದು ಅಪ್ಪ ಕೇಳಿದ.

ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಪರಿಚಯದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಸಿಕ್ಕು, ಎಲ್ಲರೂ ಎತ್ತ ಹೊರಟಿರಿ ಎಂದರು. ಅಪ್ಪ ತಡವರಿಸಿದ. ಅಕ್ಕೋರು ನನ್ನತ್ತ ಬಾಗಿ, "ಖರೇ ಹೇಳಲೇನು?" ಎಂದು ಕೇಳಿದರು. ನನ್ನ ವಿಷಯದಲ್ಲಿ ನನ್ನನ್ನು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹೂಂ ಎಂದೆ.

ನನ್ನ ಮನಸ್ಸಿಗೆ ಆರಾಮಿಲ್ಲ, ಧಾರವಾಡಕ್ಕೆ ತೋರಿಸಲು ಹೊರಟಿದ್ದೇವೆ ಎಂದು ನೆಗಡಿ ಕೆಮ್ಮಿನ ಸುದ್ದಿ ಹೇಳುವಷ್ಟೇ ಸಹಜವಾಗಿ ಅವರು ಹೇಳಿಬಿಟ್ಟರು. ವ್ಯಾಪಾರಿ ಅಪ್ಪನ ಹತ್ತಿರ ಸರಿದು ಮೆಲ್ಲಗೆ, "ನಮ್ಮ ಮಗನ್ನೂ ತೋರಸಬೇಕಾಗೈತಿ. ಅಲ್ಲಿ ಯಾರನ್ನ ಕಾಣಬೇಕಂತ ಬಂದು ಹೇಳ್ರಿ" ಎಂದರು. ಬಸ್ಸಿನಲ್ಲಿ ಅಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ. ಅವನೂ ಎಷ್ಟು ದಣಿದಿದ್ದನೆಂದು ನನಗೆ ಆಗ ತಿಳಿಯಿತು.

ಡಾಕ್ಟರು ಬಹಳ ಹೊತ್ತು ನನ್ನನ್ನು ಮಾತಾಡಿಸಿ ಗುಳಿಗೆ ಕೊಟ್ಟರು, ಮತ್ತೆ ಮತ್ತೆ ಬರಹೇಳಿದರು. ಒಮ್ಮೆಲೇ ಏನೂ ಆಗಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹಸಿವಾಗತೊಡಗಿತು. ಮೇಡ್ಲೇರಿಯ ಸಂಬಂಧವನ್ನು ಅಪ್ಪನೇ ಬೇಡವೆಂದ. ಮರುವರ್ಷ ಪರೀಕ್ಷೆ ಬರೆದು ಪಾಸಾದೆ.

ರಾಣೆಬೆನ್ನೂರಿನಲ್ಲಿ ನಡೆದ ಶಿಕ್ಷಕರ ಸಭೆಯೊಂದರಲ್ಲಿ ಅಕ್ಕೋರು ಎದ್ದುನಿಂತು, ವರ್ಷಾ ವರ್ಷಾ ಮಕ್ಕಳ ಎತ್ತರ, ತೂಕ ನೋಡುತ್ತೀರಿ, ಮನಸ್ಸು ಹೇಗಿದೆಯೆಂದು ಯಾಕೆ ಕೇಳುವುದಿಲ್ಲ ಎಂದರಂತೆ. ಸಭೆ ನಕ್ಕಿತಂತೆ. ಆದೇಶವೇನೂ ಬರಲಿಲ್ಲ. ಅವರು ಮಾತ್ರ ಶನಿವಾರ ಶಾಲೆ ಬಿಟ್ಟ ಮೇಲೆ ಅಲ್ಲಿಯ ಪಡಸಾಲೆಯಲ್ಲಿ ಕೂರತೊಡಗಿದರು. ಮಾತಾಡಬೇಕೆಂದವರು ಹೋಗಬಹುದಿತ್ತು. ಹದಿಹರೆಯದವರ ಮನಸ್ಸಿನ ಆರೋಗ್ಯವನ್ನು ಎಲ್ಲ ದೇಶಗಳ ಸರ್ಕಾರಗಳೂ ಮೊದಲ ಕೆಲಸವಾಗಿ ಹಿಡಿಯಬೇಕೆಂದು ಈಗ ಪತ್ರಿಕೆಯಲ್ಲಿ ಓದಿದಾಗ ನನಗೆ ಆ ಪಡಸಾಲೆ ಕಾಣುತ್ತದೆ.

ಹಾವೇರಿ ಜಿಲ್ಲೆಯಾದ ಹೊಸದರಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಮನೆಯ ಅಂಗಳದಲ್ಲಿ ನನಗೆ ಗುರುತಿಲ್ಲದ ಎಷ್ಟೋ ಹೆಣ್ಣುಮಕ್ಕಳಿದ್ದರು. ಪಕ್ಕದಲ್ಲಿ ಕುಳಿತವಳು ಅಗಡಿಯಿಂದ ಬಂದಿದ್ದಳು, ತೊಡೆಯ ಮೇಲೆ ಕೂಸು. ನೀವೂ ಅಕ್ಕೋರ ಹತ್ತಿರ ಗಣಿತ ಕಲಿತವರೇ ಎಂದು ಕೇಳಿದೆ.

"ಗಣಿತ ನನಗ ಕಡೀತನಕ ಬರಲಿಲ್ಲರಿ, ನಾ ಶನಿವಾರದಾಕಿ" ಎಂದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂಥ ಹೊತ್ತಿನಲ್ಲೂ ಸಣ್ಣಗೆ ನಗು ಬಂತು. ಅವಳು ಕೂಸನ್ನು ನನ್ನ ಕೈಗೆ ಕೊಟ್ಟು, ಅಕ್ಕೋರ ಪಾದ ಮುಟ್ಟಲು ಎದ್ದುಹೋದಳು.