ತಾಂಡೂರಿಗೆ ಹೊರಟರೆ ಮಾತ್ರ ಬಿಸಿಯಾಗುವ ಗಾಲಿ

ನಮ್ಮ ಜಹೀರಾಬಾದಿನಲ್ಲಿ ಯಾರಿಗೆ ಏನೇ ಆಗಲಿ, ಕಾರಣ ಒಂದೇ: ಗರಮಿ, ಅಂದರೆ ಉಷ್ಣ. ಕಣ್ಣು ಕೆಂಪಾದರೆ ಗರಮಿ, ನಾಲಿಗೆ ಹುಣ್ಣಾದರೆ ಗರಮಿ, ಗಂಡ ಹೆಂಡತಿ ಜಗಳವಾಡಿದರೆ ಇಬ್ಬರಿಗೂ ಗರಮಿ. ಉರ್ದು ಮಾತಾಡುವವರು, ತೆಲುಗು ಮಾತಾಡುವವರು, ಕನ್ನಡ ಮಾತಾಡುವ ನಾವು, ಬೇರೆ ಯಾವುದರಲ್ಲಿ ಒಪ್ಪದಿದ್ದರೂ ಇದೊಂದರಲ್ಲಿ ಒಪ್ಪುತ್ತೇವೆ. ನಾನು ವಕೀಲ. ಸಾಕ್ಷಿ ಇಲ್ಲದೆ ಏನನ್ನೂ ನಂಬಬಾರದೆಂದು ಕಲಿತವನು. ಹಾಗಾಗಿ ಈ ಗರಮಿ ಶಾಸ್ತ್ರವನ್ನು ಕಂಡು ನಗುತ್ತಿದ್ದೆ. ನನ್ನ ಕಾರಿಗೇ ಗರಮಿ ಹಿಡಿದ ಮೇಲೆ ನಗು ನಿಂತಿತು.

ಕಾರು ಅಂದೆನೆಂದು ನನ್ನನ್ನು ಶ್ರೀಮಂತ ಅಂದುಕೊಳ್ಳಬೇಡಿ. ಅದು ನನಗಿಂತ ಮೊದಲು ಅದೆಷ್ಟು ಮಂದಿಯ ಕೈ ದಾಟಿತ್ತೋ, ಅದಕ್ಕೇ ನೆನಪಿರಲಿಕ್ಕಿಲ್ಲ. ಒಂದು ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ, ಇನ್ನೊಂದು ಹೊರಗಿನಿಂದ ಹಾಕಲು ಬರುತ್ತಿರಲಿಲ್ಲ. ಹಾರನ್ ಒಂದು ಬಿಟ್ಟು ಎಲ್ಲವೂ ಸದ್ದು ಮಾಡುತ್ತಿತ್ತು. ಇಂಥದ್ದನ್ನು ಮನೆಗೆ ತಂದದ್ದು ಶೋಕಿಗಲ್ಲ. ನಮ್ಮ ಮೊದಲ ಕೂಸನ್ನು ದಾರಿಯಲ್ಲೇ ಕಳೆದುಕೊಂಡಿದ್ದೆವು. ಹೆಂಡತಿ ನೀಲಮ್ಮ ಆಗ ಚೊಚ್ಚಲ ಹೆರಿಗೆಗೆಂದು ಕಲ್ಹೇರ್ ಕಡೆಯ ತವರಿಗೆ ಹೋಗಿದ್ದಳು. ನೋವು ಶುರುವಾದಾಗ ನಮ್ಮ ಮಾವ ವೀರಭದ್ರಪ್ಪನವರು ಎತ್ತಿನ ಬಂಡಿ ಹೂಡಿ, ಬಸ್ಸು ಬರುವ ರಸ್ತೆಗೆ ಕರೆದುಕೊಂಡು ಹೊರಟಿದ್ದರು. ಬಂಡಿ ಹಳ್ಳದ ಹತ್ತಿರ ನಿಂತುಬಿಟ್ಟಿತು. ಮುಂದಿನದನ್ನು ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಎರಡನೆಯ ಸಲ ಬಸುರಾದಾಗ ನೀಲಮ್ಮ ತವರಿಗೆ ಹೋಗುವುದಿಲ್ಲವೆಂದಳು. ತಾಂಡೂರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ಅವರ ಮೇಲೆ ಮಾತ್ರ ಅವಳಿಗೆ ನಂಬಿಕೆ. ಅಲ್ಲಿಗೆ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಇಳಿದು ಹತ್ತಿ ಒದ್ದಾಡಬೇಕು. ಅದಕ್ಕೇ ಕಾರು ಬಂತು.

ಬಂದ ಕಾರು ಮಾಡಿದ್ದೇನು ಗೊತ್ತೇ? ನಾನೊಬ್ಬನೇ ನಾರಾಯಣಖೇಡದ ಕೋರ್ಟಿಗೆ ಹೋದರೆ ಗೌರಿ ಹಸುವಿನಂತೆ ಹೋಗಿ ಬರುತ್ತಿತ್ತು. ನೀಲಮ್ಮನನ್ನು ಕೂರಿಸಿಕೊಂಡು ತಾಂಡೂರಿಗೆ ಹೊರಟೆನೋ, ಕೊಹೀರ್ ದಾಟುವಷ್ಟರಲ್ಲಿ ಸ್ಟೇರಿಂಗು ಬಿಗಿಯುತ್ತಿತ್ತು. ತಿರುವು ಬಂದರೆ ನಾನು ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಬಾವಿಯಿಂದ ಹಗ್ಗ ಜಗ್ಗುವವನ ಹಾಗೆ ಜಗ್ಗಬೇಕು. ಮುಂದಿನ ಗಾಲಿಗಳಿಂದ ಸುಟ್ಟ ವಾಸನೆ. ಇಳಿದು ಗಾಲಿಯ ನಡುವಿನ ಮುಚ್ಚಳದ ಮೇಲೆ ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತಿತ್ತು. ಬೇವಿನ ಗಿಡದ ಕೆಳಗೆ ಅದು ತಣ್ಣಗಾಗುವವರೆಗೆ ಕಾಯುವುದು, ಮತ್ತೆ ಹೊರಡುವುದು, ಮತ್ತೆ ಬಿಸಿ. ಒಳಗೆ ಬಸುರಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಾವ. ಪ್ರತಿ ಸಲ ಮಗಳನ್ನು ಡಾಕ್ಟರಮ್ಮನಿಗೆ ತೋರಿಸುವ ಮುನ್ನಾದಿನ ಅವರು ಕಲ್ಹೇರಿನಿಂದ ಬಂದು ನಮ್ಮಲ್ಲಿ ಉಳಿಯುತ್ತಿದ್ದರು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ:

"ಅಳಿಯಾರ, ಗಾಲಿ ಛಂದ ತಿರಗಾಕತ್ಯಾವಿಲ್ರಿ?"

ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. "ತಿರಗಾಕತ್ಯಾವ್ರಿ ಮಾವಾರ" ಎಂದು ಬೆವರು ಒರೆಸಿಕೊಳ್ಳುತ್ತಿದ್ದೆ.

ರೋಗ ಒಂದು, ವೈದ್ಯರು ಊರ ತುಂಬ. ನಮ್ಮ ಬೀದಿಯ ಹಕೀಮರು ಬಾನೆಟ್ಟಿನ ಮೇಲೆ ಕೈಯಿಟ್ಟು, ನಾಡಿ ಹಿಡಿದವರ ಹಾಗೆ ಕಣ್ಣು ಮುಚ್ಚಿ, "ಪೇಟ್ ಮೇ ಗರಮಿ ಹೈ, ವಕೀಲ್ ಸಾಬ್" ಎಂದು ಹೊಟ್ಟೆಯ ಉಷ್ಣದ ತೀರ್ಪು ಕೊಟ್ಟರು. ಪಕ್ಕದ ಬೆಲ್ಲದ ವ್ಯಾಪಾರಿ ರೇಡಿಯೇಟರಿಗೆ ಮಜ್ಜಿಗೆ ಹಾಕಿ ನೋಡಬಾರದೇಕೆ ಎಂದ. ನಮ್ಮ ಅತ್ತೆ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕಳಿಸಿದರು. ಟ್ರ್ಯಾಕ್ಟರ್ ರಿಪೇರಿ ಮಾಡುವ ಮಿಸ್ತ್ರಿ ಪ್ರತಿ ತಾಂಡೂರು ಯಾತ್ರೆಯ ಮರುದಿನ ಗಾಲಿ ಬಿಚ್ಚಿ, ಒಳಗಿನ ಕರಿ ರಾಡಿಯನ್ನು ನೋಡಿ, "ಗ್ರೀಸು ಸುಟ್ಟದ್ರಿ" ಎಂದು ಚಿಮಣಿ ಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬುತ್ತಿದ್ದ. ಯಾಕೆ ಸುಡ್ತದೋ ಎಂದರೆ ಕೈ ಆಕಾಶಕ್ಕೆ ತೋರಿಸುತ್ತಿದ್ದ. ಆಮೇಲೆ ಕಾರು ನಾರಾಯಣಖೇಡಕ್ಕೆ ತಣ್ಣಗೆ ಹೋಗಿ ಬರುತ್ತಿತ್ತು, ಮುಂದಿನ ತಾಂಡೂರು ಯಾತ್ರೆಯವರೆಗೆ.

ನಾನು ನನ್ನ ಕಸುಬಿನ ಪ್ರಕಾರ ವಿಚಾರಣೆ ನಡೆಸಿದೆ. ಮೊದಲ ಆರೋಪಿ ತಾಂಡೂರಿನ ರಸ್ತೆ. ಆ ಕಡೆ ನೆಲವೇ ಹಾಸುಗಲ್ಲು, ಗಾಳಿಯಲ್ಲೂ ಕಲ್ಲಿನ ಪುಡಿ, ಅದು ಗಾಲಿಯೊಳಗೆ ಹೋಗುತ್ತಿರಬೇಕು. ಆದರೆ ಒಮ್ಮೆ ಕಕ್ಷಿದಾರನೊಬ್ಬನ ಮದುವೆಗೆಂದು ನಾನೊಬ್ಬನೇ ತಾಂಡೂರಿಗೆ ಹೋಗಿ ಬಂದೆ. ಗಾಲಿ ಮುಟ್ಟಿ ನೋಡಿದೆ, ಮಡಕೆಯಂತೆ ತಣ್ಣಗಿತ್ತು. ರಸ್ತೆ ನಿರ್ದೋಷಿ. ಎರಡನೆಯ ಆರೋಪಿ ತೂಕ. ಸಂಶಯ ತೀರಿಸಿಕೊಳ್ಳಲು ಇಬ್ಬರು ದಪ್ಪ ವಕೀಲ ಮಿತ್ರರನ್ನು ಪುಕ್ಕಟೆ ನಾರಾಯಣಖೇಡಕ್ಕೆ ಕರೆದೊಯ್ದೆ. ಅವರು ಬಿಸಿಯಾದರು, ಗಾಲಿ ಬಿಸಿಯಾಗಲಿಲ್ಲ. ಉಳಿದದ್ದು ಬಸುರಿಯೊಬ್ಬಳು ಕೂತರೆ ಮಾತ್ರ ಮುನಿಯುವ ಕಾರು ಎಂಬ ವಾದ. ಅದನ್ನು ಯಾವ ನ್ಯಾಯಾಧೀಶರ ಮುಂದೆ ಇಡಲಿ?

ನಗುತ್ತ ಬರೆಯುತ್ತಿದ್ದೇನೆ, ಆದರೆ ಆಗ ನನಗೆ ದಿಕ್ಕು ತೋಚುತ್ತಿರಲಿಲ್ಲ. ದಿನ ಹತ್ತಿರ ಬರುತ್ತಿತ್ತು. ಹೆರಿಗೆ ಸಲೀಸಾಗುವ ಹಾಗೆ ಕಾಣುವುದಿಲ್ಲ, ನೋವು ಬಂದ ಕೂಡಲೇ ಕರೆತನ್ನಿ, ತಡ ಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ತಡ ಎಂಬ ಮಾತು ಕೇಳಿದೊಡನೆ ನೀಲಮ್ಮ ನನ್ನ ಮುಖ ನೋಡಿದ್ದಳು. ಕೋರ್ಟಿನಲ್ಲಿ ವಾದ ಮಾಡುತ್ತ ನಿಂತಾಗಲೂ ನನ್ನ ಕಣ್ಣೆದುರು ಬೇವಿನ ಗಿಡದ ಕೆಳಗೆ ಹೊಗೆಯಾಡುತ್ತ ನಿಂತ ಕಾರು, ಒಳಗೆ ನರಳುವ ಹೆಂಡತಿ. ಇನ್ನೊಂದು ಸಲ ದಾರಿಯಲ್ಲೇ ಹಾಗಾದರೆ ನಾನು ಬದುಕುವುದಾದರೂ ಯಾಕೆ ಎನಿಸುತ್ತಿತ್ತು. ಕಾರು ಮಾರಿ ಬಾಡಿಗೆ ಜೀಪು ಗೊತ್ತುಮಾಡೋಣವೆಂದರೆ, ನೋವು ಜೀಪಿನವನಿಗೆ ಹೇಳಿ ಕೇಳಿ ಬರುತ್ತದೆಯೇ?

ಕೊನೆಯ ತಪಾಸಣೆಗೆ ಹೊರಡುವ ದಿನ. ಬೆಳಗಿನ ಬಿಸಿಲು ಆಗಷ್ಟೇ ಅಂಗಳಕ್ಕೆ ಬಿದ್ದಿತ್ತು. ಕಾರಿಗೆ ನೀರು ಹಾಕಲು ಕೊಡ ಹಿಡಿದು ಹೊರಗೆ ಬಂದೆ. ಮುಂದಿನ ಗಾಲಿಯ ಎದುರು ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಗಾಲಿಯ ನಡುವಿನ ಮುಚ್ಚಳ ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಎಡಗೈಯಲ್ಲಿ ಬಿದಿರಿನ ಕೊಳವೆಯ ಗೊಟ್ಟ. ಅದರಲ್ಲಿ ಬೆರಳದ್ದಿ ಕರ್ರಗಿನದೇನನ್ನೋ ತೆಗೆದು, ಕೂಸಿಗೆ ಅನ್ನ ತಿನ್ನಿಸುವಷ್ಟು ನಿಧಾನವಾಗಿ ಗಾಲಿಯೊಳಗೆ ತುಂಬುತ್ತಿದ್ದರು. ಆಮೇಲೆ ಬಗ್ಗಿ, ಸ್ಟೇರಿಂಗು ತಿರುಗಿಸಿದಾಗ ಗಾಲಿ ಹೊರಳುವ ಗೂಟದ ಸುತ್ತಲೂ ಮೆತ್ತಿದರು. ಕೀಲೆಣ್ಣೆ!

ಬಂಡಿ ಕಂಡವರಿಗೆ ಕೀಲೆಣ್ಣೆ ಗೊತ್ತು. ಔಡಲೆಣ್ಣೆಗೆ, ಅಂದರೆ ಹರಳೆಣ್ಣೆಗೆ, ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡುವ ಮದ್ದು. ಎತ್ತಿನ ನಡಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಕಾರಿನ ಓಟಕ್ಕೆ ಅದು ಮೊದಲು ಕರಗುತ್ತದೆ, ಆಮೇಲೆ ಸುಡುತ್ತದೆ, ಕೊನೆಗೆ ಅಂಟಿನಂತೆ ಕಚ್ಚಿಕೊಂಡು ಗಾಲಿಯನ್ನೂ ತಿರುಗಗೊಡುವುದಿಲ್ಲ, ಸ್ಟೇರಿಂಗನ್ನೂ ತಿರುಗಗೊಡುವುದಿಲ್ಲ. ಮಿಸ್ತ್ರಿ ಕಂಡ ಕರಿ ರಾಡಿ ಇದೇ. ರಸ್ತೆಯನ್ನು, ತೂಕವನ್ನು, ಹೆಂಡತಿಯನ್ನೂ ಕಟಕಟೆಗೆ ಹತ್ತಿಸಿದ್ದ ನಾನು, ಪ್ರತಿ ತಾಂಡೂರು ಯಾತ್ರೆಯ ಮುನ್ನಾದಿನ ಮನೆಗೆ ಬಂದು ಉಳಿಯುವ ಒಬ್ಬರನ್ನು ಬಿಟ್ಟುಬಿಟ್ಟಿದ್ದೆ. ಹಿರಿಯರಲ್ಲವೇ, ಆರೋಪಿಗಳ ಸಾಲಿನಲ್ಲಿ ಹೇಗೆ ನಿಲ್ಲಿಸುವುದು?

ಸಿಟ್ಟು ನೆತ್ತಿಗೇರಿತು. ಕೊಡ ಕೆಳಗಿಟ್ಟು, "ಏನ್ ನಡಸೀರಿ ಮಾವಾರ ಇದು?" ಎಂದೆ, ಬೇಕಾದದ್ದಕ್ಕಿಂತ ಜೋರಾಗಿ.

ಅವರು ಬೆಚ್ಚಲಿಲ್ಲ. "ದೂರದ ಹಾದಿ ಅದ ಅಳಿಯಾರ. ಗಾಲಿ ಒಣಗಬಾರ್ದು ನೋಡ್ರಿ. ಅವತ್ತ ನಾ ಎಣ್ಣಿ ಹಾಕಲಾರ್ದ ಬಂಡಿ ಹೂಡಿದ್ನಿ. ಗಡಬಡಿಯಾಗ ಮರೆತೇ ಬಿಟ್ನಿ. ಹಳ್ಳದಾಗ ಗಾಲಿ ಕಚ್ಚಿ ನಿಂತ್ವು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಪಕ್ಕದಲ್ಲೇ ಕುಕ್ಕರಿಸಿದೆ. ಅವರಿಗೆ ಹಿಂದೆ ಒಮ್ಮೆ ಮಾತ್ರ ಹೇಳಿದ್ದ ಮಾತನ್ನೇ ಮತ್ತೆ ಹೇಳಿದೆ. ಕೂಸು ಹೊಟ್ಟೆಯಲ್ಲೇ ಹೋಗಿತ್ತು, ಬಂಡಿ ಹೂಡುವ ಮೊದಲೇ ಹೋಗಿತ್ತು, ಗಾಳಿಯ ಮೇಲೆ ಒಯ್ದಿದ್ದರೂ ಉಳಿಯುತ್ತಿರಲಿಲ್ಲ, ನೀಲಮ್ಮನಿಂದ ಎಲ್ಲ ಕೇಳಿ ತಿಳಿದು ಡಾಕ್ಟರಮ್ಮನೇ ಹೇಳಿದ್ದಾರೆ.

"ಅಕಿ ಸಮಾಧಾನಕ್ಕ ಹೇಳ್ತಾಳ್ರಿ. ಒಳ್ಳೇಕಿ ಇದ್ದಾಳ," ಎಂದರು ಮಾವ, ಮತ್ತೆ ಗೊಟ್ಟದಲ್ಲಿ ಬೆರಳದ್ದಿದರು.

ಹಿಂದೆ ತಿರುಗಿದರೆ ಬಾಗಿಲಲ್ಲಿ ನೀಲಮ್ಮ. ನನ್ನನ್ನು ಒಳಗೆ ಕರೆದಳು. "ನನಗ ಮೊದಲನೇ ಸಲಾನೇ ಗೊತ್ತಾಗಿತ್ರಿ. ಔಡಲೆಣ್ಣಿ ವಾಸನಿ ನನಗ ಗೊತ್ತಾಗಂಗಿಲ್ಲೇನು?"

"ಮತ್ತ ಬಾಯಿ ಬಿಡ್ಲಿಲ್ಲ ಯಾಕ? ದಾರ್ಯಾಗ ಬೆಂಕಿ ಹತ್ತಿದ್ರ?"

"ಹೇಳಬೇಕಂತಿದ್ನಿ. ಹೇಳಿದ್ರ ಅಪ್ಪ ಆಮ್ಯಾಲ ಏನ್ ಮಾಡ್ಬೇಕ್ರಿ?"

ಇಷ್ಟು ವರ್ಷ ವಕೀಲಿ ಮಾಡಿದ್ದೇನೆ. ಕೋರ್ಟಿಗೆ ಬರುವವರೆಲ್ಲ ತಪ್ಪು ತಮ್ಮದಲ್ಲ ಎನ್ನುತ್ತಾರೆ. ತಪ್ಪು ನನ್ನದೇ ಎಂದು ಹಟ ಹಿಡಿದು ಕೂತ ಒಬ್ಬರನ್ನು ನಾನು ಕಂಡದ್ದು ನನ್ನ ಅಂಗಳದಲ್ಲೇ. ಎಣ್ಣೆ ಮರೆತದ್ದಕ್ಕೆ ಹೀಗಾಯಿತು ಎಂದರೆ ಮುಂದೆ ಮರೆಯದೇ ಇರಬಹುದು, ಮಾಡಲು ಒಂದು ಕೆಲಸ ಉಳಿಯುತ್ತದೆ. ಯಾರ ತಪ್ಪೂ ಇಲ್ಲದೆ ಸುಮ್ಮನೆ ಹೀಗಾಯಿತು ಎಂದರೆ ಆ ಮುದುಕ ಕೈ ಕಟ್ಟಿಕೊಂಡು ಆಕಾಶ ನೋಡಬೇಕು. ಅವರಿಗೆ ಅದು ಬೇಡವಾಗಿತ್ತು. ಯಾರಿಗೆ ಬೇಕು ಹೇಳಿ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಿಸ್ತ್ರಿಯನ್ನು ಕರೆಸಿ ಗಾಲಿಗಳನ್ನು ತೊಳೆಸಿದೆ. ಮಾವನಿಗೆ, "ಗಾಲಿಗಿ ಅವರು ಬ್ಯಾರೆ ಎಣ್ಣಿ ಹಾಕ್ತಾರ್ರಿ. ಕಾರಿಗಿ ಖರೆ ಕೀಲು ಅಂದ್ರ ಬಾಗಿಲಾಗ ಇರ್ತಾವ. ಅವು ಒಣಗಿದ್ರ ಮುಗೀತು," ಎಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ, ಆದರೆ ಅಷ್ಟು ಭಕ್ತಿಯಿಂದ ಹಿಂದೆಂದೂ ಹೇಳಿರಲಿಲ್ಲ. ಅವರು ನಾಲ್ಕೂ ಬಾಗಿಲ ಕೀಲುಗಳನ್ನು ಪರೀಕ್ಷಿಸಿ, "ಒಣಗ್ಯಾವ ನೋಡ್ರಿ, ಖರೆ," ಎಂದು ತಲೆಯಾಡಿಸಿದರು. ಅಂದು ತಪಾಸಣೆಗೆ ತಣ್ಣಗೆ ಹೋಗಿ ಬಂದೆವು. ಅಂದಿನಿಂದ ಅವರು ನಮ್ಮಲ್ಲೇ ಉಳಿದರು, ದಿನಾ ಬಾಗಿಲುಗಳಿಗೆ ಕೀಲೆಣ್ಣೆ. ನನ್ನ ಬಿಳಿ ಅಂಗಿಗಳೆಲ್ಲ ತೋಳಿನಲ್ಲಿ ಕರಿ ಪಟ್ಟೆ ಹೊತ್ತವು. ಒಳಗಿನಿಂದ ತೆಗೆಯದ ಬಾಗಿಲು ಈಗ ತಾನಾಗಿಯೇ ತೆರೆದುಕೊಳ್ಳತೊಡಗಿತು, ಅದೂ ಕಾರು ಓಡುವಾಗ. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬಾಗಿಲು ಹಿಡಿದು ನಾರಾಯಣಖೇಡಕ್ಕೆ ಹೋಗಿ ಬಂದೆ.

ನೋವು ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬಾಗಿಲುಗಳನ್ನು ಹಗ್ಗದಿಂದ ಕಟ್ಟಿ ಹೊರಟೆವು. ಕಾರು ಎಲ್ಲಿಯೂ ಬಿಸಿಯಾಗಲಿಲ್ಲ. ಕೊಹೀರಿನ ಬೇವಿನ ಗಿಡಗಳನ್ನು ಕಣ್ಣೆತ್ತಿಯೂ ನೋಡದೆ ದಾಟಿದೆ. ಮಾವ ಅವತ್ತು ಏನೂ ಕೇಳಲಿಲ್ಲ, ಹಿಂದಿನ ಸೀಟಿನಲ್ಲಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಾಂಡೂರು ಮುಟ್ಟಿದ ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಬಂದು, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ನಾನು ಅವರಿಗೆ ಕೈ ಮುಗಿದೆ. ಮಾವ ಮಾತ್ರ ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಕಾರಿನ ಮುಂದಿನ ಗಾಲಿಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಕೈ ತೊಳೆದುಕೊಂಡು ಒಳಗೆ ಬಂದು ನನಗೆ ಹೇಳಿದ್ದು ಇಷ್ಟೇ:

"ತಣ್ಣಗದ್ರಿ. ಅವತ್ತ ಇಷ್ಟಾಗಿದ್ರ ಸಾಕಿತ್ತು."

ಕೂಸು ಬಂದ ಸಂತೋಷದ ನಡುವೆ ಆಗ ನನಗೆ ಹೊಳೆಯಿತು. ಕಾರಿನ ಗಾಲಿ ತಣ್ಣಗಾದಷ್ಟೂ ಆ ಬಂಡಿಯ ಗಾಲಿ ಅವರ ಪಾಲಿಗೆ ಬಿಸಿಯಾಗುತ್ತಿತ್ತು. ಸರಿಯಾಗಿ ಮುಟ್ಟಿದ ಪ್ರತಿ ಪ್ರಯಾಣವೂ ಅವರ ವಿರುದ್ಧ ಇನ್ನೊಂದು ಸಾಕ್ಷಿ.

ನರ್ಸು ಕೂಸನ್ನು ತಂದು, ಅಜ್ಜ ಎಂದು ಅವರ ಮುಂದೆ ಹಿಡಿದಳು. ಮಾವ ಎರಡೂ ಕೈ ಬೆನ್ನ ಹಿಂದೆ ಮಾಡಿಕೊಂಡರು. "ಬ್ಯಾಡವ್ವ. ಕೈ ಹೊಲಸದಾವ."

ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಆ ಕೈಗಳು ಸೋಪು ಹಚ್ಚಿ ತಿಕ್ಕಿ ತಿಕ್ಕಿ ಕೆಂಪಾಗಿದ್ದವು. ಉಗುರಿನಲ್ಲೂ ಒಂದಿಷ್ಟು ಕರಿ ಇರಲಿಲ್ಲ.

ವಾದ ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ತೆರೆದ ಬಾಗಿಲಾಚೆ ಮಂಚದ ಮೇಲಿಂದ ನೀಲಮ್ಮನ ಸೋತ ದನಿ ಕೇಳಿತು: "ಅಪ್ಪಾ, ಆ ಕೂಸಿನ್ನ ಯಾರೂ ಎತ್ಕೊಳ್ಳಲಿಲ್ಲ. ಇದನ್ನರೆ ಎತ್ಕೋ."

ಮಾವ ಅಳುತ್ತಲೇ ಕೈ ಚಾಚಿದರು.