ಅಡುಗೆಮನೆ ಒಂದು ದೇಶ, ಮಲಗುವ ಕೋಣೆ ಇನ್ನೊಂದು

ಅಡುಗೆಮನೆಯಲ್ಲಿ ನಿಂತರೆ ನಾನು ಒಮಾನಿನಲ್ಲಿ ಇರುತ್ತಿದ್ದೆ. ನೀರಿನ ಲೋಟ ಹಿಡಿದುಕೊಂಡು ಮಲಗುವ ಕೋಣೆಗೆ ಬಂದರೆ ಎಮಿರೇಟ್ಸಿನಲ್ಲಿ. ಹಾಗಂತ ಹೇಳುತ್ತಿದ್ದುದು ನನ್ನ ಫೋನು. ಬುರೈಮಿಗೆ ಬಂದಿಳಿದ ದಿನ ಪೆಟ್ಟಿಗೆ ಬಿಚ್ಚುವ ಮೊದಲೇ ಅದು ಕುಯ್ಯೆಂದು ಒಂದು ದೇಶಕ್ಕೆ ಸ್ವಾಗತ ಕೋರಿತು. ಕೈಕಾಲು ತೊಳೆದು ಬರುವಷ್ಟರಲ್ಲಿ ಇನ್ನೊಂದು ದೇಶಕ್ಕೆ ಸ್ವಾಗತ ಎಂದಿತು. ಏಜೆಂಟು ಹೇಳಿದ ಊರೇ ಬೇರೆ, ನನ್ನನ್ನು ತಂದು ಬಿಟ್ಟಿರುವ ಊರೇ ಬೇರೆ ಇರಬೇಕು ಎಂದು ಎದೆ ಧಸಕ್ಕೆಂದಿತು.

ವಿಷಯ ಅಷ್ಟೇನಿರಲಿಲ್ಲ. ಬುರೈಮಿ ಒಮಾನ್ ದೇಶದ ಅಂಚಿನ ಊರು. ಅದಕ್ಕೆ ಅಂಟಿಕೊಂಡೇ ಅಲ್ ಐನ್ ಇದೆ, ಅದು ಎಮಿರೇಟ್ಸಿಗೆ ಸೇರಿದ್ದು. ನಾನು ಹೋದಾಗ ನಡುವೆ ಬೇಲಿಯೂ ಇರಲಿಲ್ಲ. ಜನ ಸೊಪ್ಪು ತರಕಾರಿಗೆ ಆ ದೇಶಕ್ಕೆ ಹೋಗಿ, ಅಡುಗೆ ಹೊತ್ತಿಗೆ ಈ ದೇಶಕ್ಕೆ ವಾಪಸಾಗುತ್ತಿದ್ದರು. ಎರಡೂ ಕಡೆಯ ಟವರುಗಳು ನಮ್ಮ ಕಟ್ಟಡದ ಮೇಲೆ ಒಟ್ಟಿಗೆ ಕೈಯಿಟ್ಟಿದ್ದವು. ಯಾವುದರ ಕೈ ಗಟ್ಟಿಯೋ ಫೋನು ಅದರ ಪಾಲು.

ನಾನು ಲ್ಯಾಬ್ ಟೆಕ್ನಿಷಿಯನ್. ಕೋಲಾರದ ಖಾಸಗಿ ಲ್ಯಾಬೊಂದರಲ್ಲಿ ವರ್ಷಗಟ್ಟಲೆ ಬೇರೆಯವರ ಕಫ, ಮಲ, ಮೂತ್ರ ನೋಡಿದವಳು. ಶ್ರೀನಿವಾಸಪುರದಿಂದ ಬೆಳಗಿನ ಬಸ್ಸು ಹಿಡಿದು, ಕೈಗವಸು ಹಾಕಿಕೊಂಡು ಕೂತರೆ ಸಂಜೆಯವರೆಗೆ ಅದೇ ಕೆಲಸ. ಮಧ್ಯಾಹ್ನ ಅದೇ ಮೇಜಿನ ಪಕ್ಕದಲ್ಲಿ ಡಬ್ಬಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದೆ. ವಾಕರಿಕೆ ನನಗೆ ಸುಲಭಕ್ಕೆ ಬರುವಂಥದ್ದಲ್ಲ. ಅಂಥವಳಿಗೂ ಬುರೈಮಿಯ ಆ ಕೋಣೆ ಹೊಟ್ಟೆ ತೊಳಸುವಂತೆ ಮಾಡಿತು. ಹಿಂದೆ ಇದ್ದವರು ಒಣಮೀನು ಕರಿದ ಎಣ್ಣೆ ಗೋಡೆಗೆಲ್ಲ ಮೆತ್ತಿಕೊಂಡಿತ್ತು. ಬಚ್ಚಲ ಜಾಲರಿಯಲ್ಲಿ ಯಾರ್ಯಾರದೋ ಕೂದಲು. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ತಿಗಣೆಗಳು ಶಾಲೆ ಬಿಟ್ಟಾಗ ಬೆಂಚಿನಿಂದ ಎದ್ದ ಮಕ್ಕಳ ಹಾಗೆ ಚೆದುರಿದವು. ನಮ್ಮಲ್ಲಿ ದನದ ಕೊಟ್ಟಿಗೆಯನ್ನಾದರೂ ದಿನ ಬೆಳಗಾದರೆ ಗುಡಿಸುತ್ತಾರೆ.

ಕೋಣೆಯ ಜೊತೆಗಾತಿ ಲಿಸಿ, ಕೇರಳದ ನರ್ಸು. ಅರಬ್ಬಿ ಕಲಿಯಬೇಕು ಎಂದು ಹೊರಟವಳು ನಾನು ಮೊದಲು ಕಲಿತಿದ್ದು ಮಲಯಾಳಂ. ನಾವು ಕೆಲಸಕ್ಕಿದ್ದ ಕ್ಲಿನಿಕ್ಕಿನ ಮ್ಯಾನೇಜರ್, ಕ್ಯಾಂಟೀನಿನವನು, ಕಿರಾಣಿ ಅಂಗಡಿಯವನು ಎಲ್ಲರೂ ಆ ಕಡೆಯವರೇ. ಅರಬ್ಬಿಯಲ್ಲಿ ಮೊದಲು ಬಾಯಿಗೆ ಬಂದ ಮಾತು ‘ಮಾಫಿ’. ನಮ್ಮಲ್ಲಿ ಮಾಫಿ ಎಂದರೆ ಕ್ಷಮೆ, ಅಲ್ಲಿ ‘ಇಲ್ಲ’. ‘ರಸೀದ್’ ಎಂದರೆ ನಮ್ಮ ಅಂಗಡಿಯ ರಸೀದಿ ಅಲ್ಲ, ಫೋನಿನಲ್ಲಿ ಉಳಿದಿರುವ ದುಡ್ಡು. ‘ಮಾಫಿ ರಸೀದ್’ ಎಂದು ಗೋಳಾಡುವ ಜನ ಬೀದಿ ತುಂಬ ಇದ್ದರು. ನನಗೆ ಆ ಗೋಳು ಇಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ.

ಯಾಕೆಂದರೆ ನನ್ನ ಫೋನಿನಲ್ಲಿದ್ದದ್ದು ಊರಿನ ಸಿಮ್ಮು. ನನ್ನ ಗಂಡ ಮಂಜುನಾಥನ ಅಣ್ಣ ರವಣಪ್ಪ ಭಾವನಿಗೆ ಶ್ರೀನಿವಾಸಪುರದ ಬಸ್‌ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇತ್ತು. ಹೊರಡುವ ವಾರ ಅವರೇ ತಮ್ಮ ಹೆಸರಿನಲ್ಲಿ ತಿಂಗಳ ಬಿಲ್ಲಿನ ಕನೆಕ್ಷನ್ ಮಾಡಿಸಿ ಕೊಟ್ಟರು.

“ಇನ್‌ಕಮಿಂಗ್ ಫ್ರೀ ಕಣಮ್ಮಾ,” ಎಂದರು ಭಾವ. “ಗೌರ್ಮೆಂಟೇ ಫ್ರೀ ಮಾಡೈತೆ. ನೀನ್ ಮಾತ್ರ ಮಾಡ್ಬೇಡ. ನಾವೇ ಮಾಡ್ತೀವಿ, ನೀನ್ ಎತ್ತಿದ್ರೆ ಸಾಕು.”

“ದೇಶ ಬಿಟ್ಟು ಹೋದ್ರೂ ಫ್ರೀನಾ ಭಾವ?”

“ನಂಬರ್ ಅದೇ ಅಲ್ವಾ? ನಂಬರ್ ಇಲ್ಲೇ ಇರ್ತೈತೆ, ನೀನ್ ಎಲ್ಲಿದ್ರೇನು?”

ಅಂಗಡಿ ಇಟ್ಟವರಿಗಿಂತ ನನಗೇನು ಗೊತ್ತು ಎಂದು ಸುಮ್ಮನಾದೆ. ನಮ್ಮಲ್ಲಿ ಬಂದ ಕರೆಗೂ ದುಡ್ಡು ಕೊಡುವ ಕಾಲ ಆಗಷ್ಟೇ ಮುಗಿದಿತ್ತು. ಫ್ರೀ ಎಂಬ ಮಾತಿನ ಮೇಲೆ ಎಲ್ಲರಿಗೂ ಪ್ರೀತಿ.

ನನ್ನ ಮಗಳು ಲಾವಣ್ಯಳಿಗೆ ಆಗ ನಾಲ್ಕು ವರ್ಷ. ಅವಳನ್ನು ಅತ್ತೆ ಗೌರಮ್ಮನವರ ಮಡಿಲಲ್ಲಿ ಬಿಟ್ಟು ಬಂದಿದ್ದೆ. ಊರಲ್ಲಿ ಕೊಂಡಿದ್ದ ಸೈಟಿನ ಮೇಲೆ ಎರಡು ಕೋಣೆ ಎದ್ದರೆ ವಾಪಸು ಬರುವುದು ಎಂಬ ಲೆಕ್ಕ. ಮಧ್ಯಾಹ್ನ ಭಾವ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆಯುವ ಹೊತ್ತಿಗೆ ಅತ್ತೆ ಮಗುವನ್ನು ಕರೆದುಕೊಂಡು ಅಂಗಡಿ ಕಾಯಲು ಬಂದು ಕೂರುತ್ತಿದ್ದರು. ಅಲ್ಲಿಂದಲೇ ನನಗೆ ಫೋನು.

“ಅನ್ನಂ ತಿಂಟಿವಾ ಪದ್ಮಾ?” ಎಂದು ತೆಲುಗಿನಲ್ಲಿ ಊಟ ವಿಚಾರಿಸಿ ಕನ್ನಡಕ್ಕೆ ಬರುವುದು ಅವರ ರೂಢಿ. “ಈ ಕೂಸು ಬದನೆಕಾಯಿ ಮುಟ್ಟಲ್ಲ ಕಣೇ. ಇರು, ನೀನೇ ಹೇಳು.”

ಲಾವಣ್ಯ ಫೋನು ಹಿಡಿದರೆ ಬಿಡುತ್ತಿರಲಿಲ್ಲ. ಕೋಳಿ ಮರಿ ಮಾಡಿದ್ದು, ಪಕ್ಕದ ಮನೆಯವರ ರೇಷ್ಮೆಹುಳು ಕೈಮೇಲೆ ಹರಿದಾಡಿದ್ದು, ಅಪ್ಪನ ಟೆಂಪೊದಲ್ಲಿ ಮುಂದೆ ಕೂತದ್ದು. ಕ್ಲಿನಿಕ್ಕಿನ ಮಧ್ಯಾಹ್ನದ ಬಿಡುವಿನಲ್ಲಿ ಕೋಣೆಗೆ ಬಂದು ನಾನು ಮಂಚದ ತುದಿಗೆ ಕೂತು ಕೇಳುತ್ತಿದ್ದೆ. ಅವಳು ಮಾತಾಡದೆ ಸುಮ್ಮನೆ ಉಸಿರಾಡಿದರೂ ಕೇಳುತ್ತಿದ್ದೆ. ಗೋಡೆಯ ಮೀನೆಣ್ಣೆಯ ವಾಸನೆ ಆ ಹೊತ್ತಿನಲ್ಲಿ ಮಾತ್ರ ಮೂಗಿಗೆ ತಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನು ಬರಲಿಲ್ಲ. ಮಾರನೇ ದಿನವೂ ಇಲ್ಲ. ಪರದೆಯ ಮೇಲೆ ಯಾವ ದೇಶದ ಹೆಸರೂ ಇಲ್ಲ. ಕನೆಕ್ಷನ್ ಕತ್ತರಿಸಿದ್ದರು. ಕೊನೆಗೆ ಮಂಜುನಾಥ ಕ್ಲಿನಿಕ್ಕಿನ ಫೋನಿಗೇ ಕರೆ ಮಾಡಿದ. ದನಿ ಬೇರೆ ಯಾರದೋ ಇದ್ದ ಹಾಗಿತ್ತು.

“ಬಿಲ್ ಬಂದೈತೆ,” ಎಂದ. ಮೊತ್ತ ಹೇಳಿದ. ನಾನು ಅಲ್ಲಿ ತಿಂಗಳುಗಟ್ಟಲೆ ದುಡಿದು ಉಳಿಸಬಹುದಾದದ್ದಕ್ಕಿಂತ ಅದು ಜಾಸ್ತಿ ಇತ್ತು.

“ಅದು ಹೆಂಗೆ? ನಾನು ಒಂದ್ ಫೋನೂ ಮಾಡಿಲ್ಲ. ಎಲ್ಲಾ ಅತ್ತೆ ಮಾಡಿದ್ದು.”

“ಬಂದಿದ್ದಕ್ಕೂ ಹಾಕವ್ರೆ. ನೀನು ಎತ್ತದೇ ಇದ್ದಿದ್ದಕ್ಕೂ ಹಾಕವ್ರೆ, ಅದ್ಯಾವ್ದೋ ರೆಕಾರ್ಡಿಂಗ್‌ಗೆ ಹೋಗೈತಂತೆ.” ಆಮೇಲೆ ಕೇಳಿದ: “ಅಲ್ ಐನ್‌ನಲ್ಲಿ ಯಾರಿದಾರೆ?”

“ಅಂದ್ರೆ?”

“ಬಿಲ್‌ನಲ್ಲಿ ಅರ್ಧಕ್ಕರ್ಧ ಎಮಿರೇಟ್ಸ್ ಅಂತೈತೆ. ನಿನ್ ಕೆಲ್ಸ ಒಮಾನಲ್ಲಿ. ಅಣ್ಣ ಕೇಳ್ತಾವ್ನೆ, ದಿನಾ ಆ ದೇಶಕ್ಕೆ ಯಾಕ್ ಹೋಗ್ತಾಳೆ, ಅಲ್ಲಿ ಯಾರಿದಾರೆ ಅಂತ.”

ಟವರಿನ ವಿಷಯ ಹೇಳಿದೆ. ಮಂಚದ ಮೇಲೆ ಕೂತಲ್ಲೇ ದೇಶ ಬದಲಾಗುತ್ತದೆ ಎಂದೆ. ನನ್ನ ಕಿವಿಗೇ ಅದು ಕಳ್ಳಿಯ ಕಥೆಯ ಹಾಗೆ ಕೇಳಿಸಿತು. “ಅತ್ತೆಯನ್ನ ಕೇಳಿ, ದಿನಾ ಅವ್ರೇ ಮಾಡ್ತಿದ್ದಿದ್ದು” ಎಂದೆ.

“ಕೇಳ್ದೆ. ನಾಲ್ಕೈದು ಸಲ ಮಾಡಿರಬೌದು ಅಂದ್ಲು.”

“ನೀವೇನಂದ್ರಿ?”

“ನಂಗೇನ್ ಗೊತ್ತಾಗ್ತದೆ? ಅಣ್ಣ ಅಂಗ್ಡಿ ಇಟ್ಟವ್ನೆ, ಅವನಿಗೆ ಗೊತ್ತಿರ್ತದೆ.”

ಫೋನು ಇಟ್ಟು ಬಂದು ಮೈಕ್ರೋಸ್ಕೋಪಿನ ಮುಂದೆ ಕೂತೆ. ಗಾಜಿನ ಪಟ್ಟಿಯ ಮೇಲೆ ಯಾರದೋ ಹೊಟ್ಟೆಯ ಹುಳುವಿನ ಮೊಟ್ಟೆಗಳಿದ್ದವು. ಅವು ಶುದ್ಧವಾಗಿ ಕಂಡವು.

ಕಂಪನಿಗೆ ಲಿಸಿಯ ಫೋನಿನಿಂದ ಕರೆ ಮಾಡಿದೆ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಜೇನಿನಂಥ ದನಿ ಹೇಳುತ್ತಲೇ ಇತ್ತು, ಲಿಸಿಯ ರಸೀದ್ ಕರಗುತ್ತಲೇ ಇತ್ತು. ಕೊನೆಗೆ ಸಿಕ್ಕ ಹುಡುಗಿ, “ರೋಮಿಂಗ್‌ನಲ್ಲಿ ಎಲ್ಲದಕ್ಕೂ ಚಾರ್ಜ್ ಇರುತ್ತೆ ಮೇಡಂ, ಷರತ್ತುಗಳಲ್ಲಿ ಬರೆದಿದೆ” ಎಂದಳು. ಷರತ್ತು ಬರೆದ ಕಾಗದ ಶ್ರೀನಿವಾಸಪುರದ ಅಂಗಡಿಯ ಡ್ರಾಯರಿನಲ್ಲಿತ್ತು. ಸಹಿ ಮಾಡಿದ ಭಾವನೂ ಅದನ್ನು ಓದಿರಲಿಲ್ಲ. ಒಬ್ಬ ತಾಯಿ ಮಗುವಿನ ಉಸಿರು ಕೇಳಿದ್ದಕ್ಕೆ ನಿಮಿಷದ ಲೆಕ್ಕದಲ್ಲಿ ಎರಡು ದೇಶದವರೂ ನಮ್ಮ ದೇಶದವರೂ ಸೇರಿ ಹಂಚಿಕೊಂಡು ತಿಂದಿದ್ದರು. ಥೂ ಎನ್ನುವುದಕ್ಕೂ ಒಂದು ಮುಖ ಬೇಕು. ಅಲ್ಲಿ ಮುಖವೇ ಇರಲಿಲ್ಲ, ಬರೀ ದನಿ.

ಮುಖ ಇದ್ದದ್ದು ಭಾವನಿಗೆ. ಹಣ ಹೋದದ್ದಕ್ಕಿಂತ ಆ ಮುಖ ನೆನೆದರೆ ನನಗೆ ಹೇಸಿಗೆಯಾಗುತ್ತಿತ್ತು. ಬಿಲ್ಲನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದರಂತೆ. ದುಡ್ಡನ್ನು ಕಂತಿನಲ್ಲಿ ಕಳಿಸಿ ತೀರಿಸಿದೆ. ಅದನ್ನೂ ತಪ್ಪೊಪ್ಪಿಗೆ ಎಂದೇ ತಿಳಿದುಕೊಂಡರಂತೆ.

ಮುಂದೆ ಮಾಡಬೇಕಾದ್ದನ್ನು ಲಿಸಿ ಮಾಡಿಸಿದಳು. ಊರಿನ ಸಿಮ್ಮು ತೆಗೆದು ಬಿಸಾಡಿಸಿದಳು. ಅಲ್ಲಿನದೇ ಮುಂಗಡ ದುಡ್ಡಿನ ಸಿಮ್ಮು ಹಾಕಿಸಿದಳು. ನಮ್ಮ ಜನರಿಗಾಗಿ ಈ ಮಾತು ಬರೆಯುತ್ತೇನೆ: ಫೋನಿನ ಸೆಟ್ಟಿಂಗಿನಲ್ಲಿ ನೆಟ್‌ವರ್ಕನ್ನು ತಾನೇ ಆರಿಸಿಕೊಳ್ಳಲು ಬಿಡಬೇಡಿ. ನೀವೇ ಆರಿಸಿ ಕಟ್ಟಿಹಾಕಿ. ಆಗ ಮಲಗುವ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಆದರೆ ಪಕ್ಕದ ದೇಶದ ಟವರು ನಿಮ್ಮ ರಸೀದ್ ನುಂಗುವುದೂ ಇಲ್ಲ. ಎತ್ತದ ಕರೆ ರೆಕಾರ್ಡಿಂಗಿಗೆ ತಿರುಗುವುದನ್ನು ಹೊರಡುವ ಮೊದಲೇ ನಿಲ್ಲಿಸಿ. ಯಾರಾದರೂ ಫ್ರೀ ಎಂದರೆ, ಯಾರಿಗೆ ಫ್ರೀ ಎಂದು ಕೇಳಿ.

ಶುಕ್ರವಾರ ರಜೆ. ಅಂದು ರೀಚಾರ್ಜ್ ಕಾರ್ಡು ಕೊಂಡು ಊರಿಗೆ ನಾನೇ ಫೋನು ಮಾಡುತ್ತಿದ್ದೆ. ಆದರೆ ನಡುವೆ ಕಳೆದುಹೋದ ವಾರಗಳಲ್ಲಿ ಮಗು ಏನೋ ಕಲಿತುಬಿಟ್ಟಿತ್ತು. ಫೋನು ಕಿವಿಗಿಟ್ಟರೆ “ಊಂ” ಎಂದು ವಾಪಸು ಕೊಟ್ಟು ಓಡುತ್ತಿತ್ತು. ಅತ್ತೆ, “ಆಡ್ತಾವಳೆ ಬಿಡು” ಎಂದು ಬೇಗ ಬೇಗ ಮಾತು ಮುಗಿಸುತ್ತಿದ್ದರು.

ಮೊದಲ ರಜೆಗೆ ಊರಿಗೆ ಬಂದಾಗ ಮಾವಿನ ಕಾಲ. ಮಂಡಿಯ ಮುಂದೆ ಕೊಳೆತ ಹಣ್ಣಿನ ರಾಶಿಗೆ ನೊಣ ಮುತ್ತಿದ್ದವು. ಆ ವಾಸನೆಯನ್ನು ನಾನು ಎದೆ ತುಂಬ ಎಳೆದುಕೊಂಡೆ. ಅದೇ ವಾರ ನಂಗಲಿಯ ಹತ್ತಿರದ ನೆಂಟರಲ್ಲಿ ನಾಮಕರಣವಿತ್ತು. ಬಾಡಿಗೆಯ ವ್ಯಾನಿನಲ್ಲಿ ಮುಳಬಾಗಿಲು ದಾಟಿ ಹೊರಟೆವು. ಮಂಜುನಾಥ ಓಡಿಸುತ್ತಿದ್ದ, ಭಾವ ಪಕ್ಕದಲ್ಲಿ. ಹಿಂದೆ ಅತ್ತೆ, ನಾನು, ನನಗೆ ತಾಗದಂತೆ ಅಜ್ಜಿಗೆ ಒರಗಿ ಕೂತ ಲಾವಣ್ಯ.

ಆಂಧ್ರದ ಗಡಿ ಇನ್ನೂ ಮುಂದಿತ್ತು. ಭಾವನ ಫೋನು ಬಂತು, ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದರು, ಅರ್ಧಕ್ಕೇ ಕಟ್ಟಾಯಿತು. ಫೋನು ನೋಡಿಕೊಂಡವರೇ ಕೂಗಾಡಿದರು.

“ಕಳ್ ನನ್ಮಕ್ಳು! ಇಲ್ಲೇ ಕೂತಿದೀನಿ, ಇನ್ನೂ ಚೆಕ್‌ಪೋಸ್ಟೇ ಬಂದಿಲ್ಲ, ಆಂಧ್ರ ಅಂತ ಹಾಕಿ ಬ್ಯಾಲೆನ್ಸೆಲ್ಲಾ ಬಳ್ಕೊಂಡವ್ರೆ!”

ನಾನು ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದೆ. “ಆಂಧ್ರದಲ್ಲಿ ನಿಮಗೆ ಯಾರಿದಾರೆ ಭಾವ?”

ಭಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಾಚಿಕೊಳ್ಳಲಿಲ್ಲ, ನಕ್ಕರು.

“ಏನಮ್ಮಾ ಹಂಗಂದ್ರೆ? ನಾನ್ ಗಂಡ್ಸು. ನನ್ ವಿಷ್ಯ ಬೇರೆ.”

ಆಗ ಅತ್ತೆ ಬಾಯಿ ಬಿಟ್ಟರು. “ನೋರು ಮೂಸ್ಕೋ ರಾ” ಎಂದರು. ಬಾಯಿ ಮುಚ್ಚೋ ಎಂದು ಹೆತ್ತ ಮಗನಿಗೆ ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಆ ಫೋನೆಲ್ಲಾ ಮಾಡಿದ್ದು ನಾನು ಕಣೋ. ದಿನಾ, ನೀನ್ ಮಲಗಿದ್ದಾಗ. ಬೈತೀಯ ಅಂತ ಹೆದ್ರಿ ನಾಲ್ಕೈದು ಸಲ ಅಂದೆ. ಕೂಸು ಅಳ್ತಿತ್ತು, ಏನ್ ಮಾಡ್ಲಿ?” ನನ್ನ ಕಡೆ ತಿರುಗಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ಮಗನ ಅನ್ನ ತಿನ್ನುವ ಮುದುಕಿಯ ಹೆದರಿಕೆ ಎಂಥದ್ದು ಎಂದು ನನಗೆ ಗೊತ್ತಿತ್ತು.

ಮಂಜುನಾಥ ಹುಣಸೆಮರದ ನೆರಳಿಗೆ ವ್ಯಾನು ನಿಲ್ಲಿಸಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿ, ಧೈರ್ಯ ಮಾಡಿದವನ ಹಾಗೆ ಹೇಳಿದ. “ಅಣ್ಣಾ, ನಂಗೆ ಆವತ್ತೇ ಗೊತ್ತಿತ್ತು. ಟೊಮ್ಯಾಟೊ ಹಾಕ್ಕೊಂಡ್ ಮದನಪಲ್ಲಿಗೆ ಹೋದಾಗೆಲ್ಲಾ ನನ್ ಫೋನೂ ಹಿಂಗೇ ಮಾಡ್ತಿತ್ತು. ಪದ್ಮಾ ಹೇಳಿದ್ದು ನಿಜ ಅಂತ ಗೊತ್ತಿತ್ತು.”

ನಾನು ಸಮಾಧಾನಪಡುತ್ತೇನೆ ಎಂದು ಅವನು ತಿಳಿದಿದ್ದ. ಬಾಗಿಲು ತೆಗೆದು ಇಳಿದು ರಸ್ತೆಯ ಅಂಚಿನಲ್ಲಿ ವಾಂತಿ ಮಾಡಿಕೊಂಡೆ. ಗೊತ್ತಿಲ್ಲದೆ ಸುಮ್ಮನಿದ್ದ ಎಂದು ಅಷ್ಟು ದಿನ ಕ್ಷಮಿಸಿದ್ದೆ. ಗೊತ್ತಿದ್ದೂ ಸುಮ್ಮನಿದ್ದವನ ಪಕ್ಕದಲ್ಲಿ ಆ ವಾರವಿಡೀ ಮಲಗಿದ್ದೆ. ಅತ್ತೆ ಇಳಿದು ಬಂದು ಬೆನ್ನು ಸವರಿದರು, ಬಿಸಿಲಿಗೆ ಹಿಂಗಾಯ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾಮಕರಣಕ್ಕೆ ಹೋದೆವು. ಊಟ ಮಾಡಿದೆವು.

ಗಂಡನನ್ನು ನಾನು ಬಿಟ್ಟಿಲ್ಲ. ಹಾಗೆ ಬಿಡುವುದು ನಮ್ಮಲ್ಲಿ ಎಷ್ಟು ಸುಲಭ ಎಂದು ಓದುವವರಿಗೆ ಗೊತ್ತು. ಅವನು ಈಗ ಫೋನಿನಲ್ಲಿ ಬಹಳ ಮಾತಾಡುತ್ತಾನೆ, ನಾನು ಹೂಂಗುಡುತ್ತೇನೆ. ಸೈಟಿನ ಮೇಲೆ ಎರಡು ಕೋಣೆ ಎದ್ದವು. ಆದರೂ ಕಾಂಟ್ರ್ಯಾಕ್ಟ್ ಮುಗಿದಾಗ ನಾನು ಮತ್ತೆ ಸಹಿ ಹಾಕಿದೆ. ಯಾಕೆ ಎಂದು ಲಿಸಿ ಕೇಳಲಿಲ್ಲ. ಬುರೈಮಿಯ ಕೋಣೆಗೆ ನಾವಿಬ್ಬರೂ ಸುಣ್ಣ ಹೊಡೆದಿದ್ದೇವೆ. ಖರ್ಜೂರದ ತೋಟಗಳಿಗೆ ನೀರು ಹಾಯುವ ‘ಫಲಜ್’ ಎಂಬ ಕಾಲುವೆಯ ಪಕ್ಕ ಸಂಜೆ ನಡೆಯುತ್ತೇವೆ. ಒಂದು ದಿನ ನೀರಿನ ಸದ್ದಿಗೆ ನಮ್ಮೂರಿನ ಕೆರೆಕೋಡಿ ನೆನಪಾಗಿ ನಿಂತೆ. ಇನ್ನೊಂದು ದಿನ ನೆನಪಾಗಲಿಲ್ಲ. ನೆನಪಾಗಲಿಲ್ಲವಲ್ಲ ಎಂದು ಭಯವಾಯಿತು.

ಈ ಸಲದ ರಜೆಯಲ್ಲಿ ಲಾವಣ್ಯ ಹತ್ತಿರ ಬಂದಳು. ಈಗ ಅವಳು ಶಾಲೆಗೆ ಹೋಗುತ್ತಾಳೆ, ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆಯೇ ಕೂರುತ್ತಾಳೆ. ಹೊಸ ಮನೆಯ ಜಗುಲಿಯಲ್ಲಿ ಬೈತಲೆ ತೆಗೆದು ಹೆಣೆಯುತ್ತಿದ್ದೆ. ಕತ್ತು ತಿರುಗಿಸದೆ ಕೇಳಿದಳು.

“ಅಮ್ಮಾ, ನಿಮ್ಮನೆಗೆ ಯಾವಾಗ ಹೋಗ್ತೀಯ?”

“ಬರೋ ಗುರುವಾರ,” ಎಂದೆ.

ಜಡೆಯ ಮೂರು ಎಳೆ ಕೈಯಲ್ಲೇ ಇದ್ದವು. ಅವಳು ಏನು ಕೇಳಿದಳು, ನಾನು ಏನು ಹೇಳಿದೆ ಎಂದು ತಿಳಿದದ್ದು ಆಮೇಲೆ. ತಿದ್ದಬೇಕು ಎಂದುಕೊಂಡೆ. ಯಾವುದನ್ನು ತಿದ್ದುವುದು ಎಂದು ತೋಚಲಿಲ್ಲ. ಹೆಣೆಯುತ್ತಾ ಹೋದೆ.