ಒಲೆಯ ಜೊತೆ ಹೋಗುವ ಅಂಗಳ

ಗೋದಾವರಿ ಬಾಯಿ ಕಾರವಾರದಲ್ಲಿ ವಕೀಲರು. ಅಂಕೋಲೆಯ ಅಗಸೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಕಚೇರಿಯ ಕಿಟಕಿ ತೆರೆದು, ಸಮುದ್ರದ ಗಾಳಿ ಒಳಬಂದ ಮೇಲೇ ಕೆಲಸ. ನಾನು ಅವರ ಜೂನಿಯರ್. ಹುಬ್ಬಳ್ಳಿಯಲ್ಲಿ ಕಲಿತವಳು, ಎಲ್ಲದಕ್ಕೂ ಹೆದರುವವಳು. ಇನ್ನೂ ಅಂಬೆಗಾಲಿಡದ ಮಗಳನ್ನು ಮೂಲೆಯಲ್ಲಿ ಸೀರೆಯ ಜೋಲಿಗೆ ಹಾಕಿ, ಉಸಿರಾಡುತ್ತಿದ್ದಾಳೋ ಎಂದು ಆಗಾಗ ಬೆರಳಿಟ್ಟು ನೋಡುತ್ತೇನೆ.

ಕಾಗದಪತ್ರ ನೋಡಲು ನಾವು ಎಐ ಬಳಸುತ್ತೇವೆ. ಆದರೆ ಹೆಸರು, ಸರ್ವೆ ನಂಬರು ಅಳಿಸಿಯೇ ಅದಕ್ಕೆ ಕೊಡಬೇಕು. ಮತ್ತೆ, ಅದು ಏನೇ ಹೇಳಲಿ, ಸಹಿಗೆ ಮುಂಚೆ ಮೂಲ ಕಾಗದವನ್ನು ಕಕ್ಷಿದಾರರ ಎದುರು ಪೂರ್ತಿ ದನಿಯೆತ್ತಿ ಓದಬೇಕು. ಇದು ಗೋದಾವರಿ ಬಾಯಿಯವರ ಕಟ್ಟಳೆ.

ಆ ದಿನ ಬಂದವಳು ಚಿತ್ತಾಕುಲದ ಜಯಂತಿ, ಮೀನು ಒಣಗಿಸಿ ಮಾರುವವಳು. ತಮ್ಮ ನಿತೇಶ ಬರೆಸಿದ ಪಾಲುಪತ್ರದ ಕರಡಿಗೆ ಸಹಿ ಹಾಕಬಹುದೋ ಎಂದು ಕೇಳಲು ಬಂದಿದ್ದಳು. ಮನೆ ಸಮಪಾಲು, ದಾರಿ ಇಬ್ಬರಿಗೂ, ಉಳಿದದ್ದು ಪಾತ್ರೆ ಇತ್ಯಾದಿ, ತಕರಾರಿಲ್ಲ ಎಂದಿತ್ತು ಎಐ. ಮಗಳ ಮೈ ಬೆಚ್ಚಗಿತ್ತು, ಜ್ವರವೋ ಎಂಬ ಹೆದರಿಕೆ. ನನಗೆ ಮನೆಯ ಅವಸರ.

“ಎಲ್ಲಾ ಸರಿ ಇದೆ ಬಾಯಿ,” ಎಂದೆ.

“ಇರ್ಲಿ ಪ್ರೀತಿ, ಓದುವಾ. ನಿನ್ನ ಮಗಳೂ ಕೇಳ್ಲಿ.”

ಅವರ ಓದು ದಡಕ್ಕೆ ಬಂದು ಹಿಂದೆ ಸರಿಯುವ ನೀರಿನ ಹಾಗೆ. ಸದರಿ ಮನೆ, ಸದರಿ ಬಾವಿ ಎನ್ನುತ್ತ ಎನ್ನುತ್ತ ಮಧ್ಯಾಹ್ನವೇ ಜೋಲಿಯಾಗಿ ತೂಗತೊಡಗಿತು. ಜಯಂತಿ ಕಣ್ಣುಮುಚ್ಚಿ, ತನ್ನ ಮನೆಯೊಳಗೆ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದಂತಿದ್ದಳು.

“...ತಾಮ್ರದ ಹಂಡೆ, ಕೊಡ, ಹಳೇ ಒಲೆ ನಿತೇಶನಿಗೆ.”

ಅವಳ ಕಣ್ಣು ತೆರೆಯಿತು. “ನಿಲ್ಲಿ ಬಾಯಿ. ಒಲೆ ಅವನಿಗಾ?”

“ಹಾಂಗೇ ಬರ್ದದೆ.”

“ನಮ್ಮಲ್ಲಿ ಒಲೆ ಯಾರದ್ದೋ ಮುಂದಿನ ಅಂಗಳ ಅವರದ್ದು. ಅಜ್ಜಿ ಕಾಲದಿಂದ್ಲೂ ಹಾಂಗೇ. ನಾ ಮೀನು ಎಲ್ಲಿ ಒಣಗ್ಸೂದು, ಮನೆ ಮಾಡಿನ ಮೇಲಾ?”

ಕರಡಿನಲ್ಲಿ ಅಂಗಳದ ಮಾತೇ ಇರಲಿಲ್ಲ. ಒಲೆ ಎಐಗೆ ಪಾತ್ರೆಯ ಜೊತೆಗಿನ ‘ಇತ್ಯಾದಿ’. ನಾನಾದರೂ ಹಾಗೇ ಬರೆಯುತ್ತಿದ್ದೆ.

ಗೋದಾವರಿ ಬಾಯಿ ಫೋನ್ ಹಚ್ಚಿದರು. “ನಿತೇಶಾ, ನಿಂಗೆ ನೀರು ಕಾಯ್ಸೂಕೂ ಬರೂದಿಲ್ಲ. ಒಲೆ ಎಂತಕ್ಕೋ?”

ಆ ಕಡೆ ಅಲೆಯ ಸದ್ದು. ಅದರ ನಡುವೆ ಅವನು ನಕ್ಕ. “ಅಕ್ಕಂಗೆ ಗೊತ್ತಾಯ್ತಾ? ಬರೀರಿ ಬಾಯಿ, ಒಲೆ ಅವಳಿಗೇ.”

“ಅಂಗಳಾನೂ ಬರೀತೇನೆ.”

“ಹ್ಞೂಂ.”

ಎರಡನ್ನೂ ಜಯಂತಿಯ ಪಾಲಿಗೆ ಟೈಪು ಮಾಡಿದೆ. ಗೋದಾವರಿ ಬಾಯಿ ಮತ್ತೆ ಮೊದಲ ಸಾಲಿನಿಂದ ಓದತೊಡಗಿದರು. ಜಯಂತಿ ಕಣ್ಣುಮುಚ್ಚಿದಳು, ಓದು ಒಲೆ ದಾಟಿ ಅಂಗಳಕ್ಕಿಳಿದಾಗ ಅವಳ ಬೆರಳು ಮಡಿಲಲ್ಲೇ ಮೀನು ತಿರುವಿ ಹಾಕುತ್ತಿತ್ತು.

ಮಗಳ ಹಣೆ ಮುಟ್ಟಿದೆ. ಜ್ವರವಿರಲಿಲ್ಲ. ಆದರೂ ಇನ್ನೊಮ್ಮೆ ಮುಟ್ಟಿ ನೋಡಿದೆ.